ಧೈರ್ಯ ಬಂದರೆ ಕೆಲಸ ಬಂದ ಹಾಗಾ? ಸಮಾಜಕಾರ್ಯದ ವಿದ್ಯಾರ್ಥಿ ಎಷ್ಟು ಕಲಿತ ಅಂತ ಅಳೆಯುವುದು ಹೇಗೆ

ಹೀಗೊಂದು ದೃಶ್ಯ ಕಲ್ಪಿಸಿಕೊಳ್ಳಿ. ಸಣ್ಣ ಕೋಣೆ, ಎರಡು ಕುರ್ಚಿ, ಮೂಲೆಯಲ್ಲೊಂದು ಕ್ಯಾಮೆರಾ. ಒಂದು ಕುರ್ಚಿಯಲ್ಲಿ ಸಮಾಜಕಾರ್ಯ ಓದುತ್ತಿರುವ ಹುಡುಗಿ. ಎದುರಿಗೆ ನಲವತ್ತರ ಆಸುಪಾಸಿನ ಹೆಂಗಸು. ಆಕೆಯ 13 ವರ್ಷದ ಮಗ ಎರಡು ತಿಂಗಳಿಂದ ಶಾಲೆಗೆ ಹೋಗುತ್ತಿಲ್ಲ. ಆಕೆ ನಿಜವಾದ ತಾಯಿಯಲ್ಲ, ತಾಯಿಯ ಪಾತ್ರ ಮಾಡಲು ತಯಾರಾಗಿ ಬಂದವರು. ಅದು ಹುಡುಗಿಗೂ ಗೊತ್ತು. ಆದರೂ ಅಂಗೈ ಬೆವರುತ್ತಿದೆ.

"ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಅಮ್ಮ?"

ಹೆಂಗಸು ತಲೆ ತಗ್ಗಿಸುತ್ತಾರೆ. ಕೈಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾರೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. ಹುಡುಗಿಗೆ ತಡೆಯಲಾಗುವುದಿಲ್ಲ. "ಚಿಂತೆ ಮಾಡಬೇಡಿ ಅಮ್ಮ, ಶಾಲೆಯವರ ಹತ್ತಿರ ನಾವು ಮಾತಾಡ್ತೀವಿ. ಎಲ್ಲಾ ಸರಿಹೋಗುತ್ತೆ. ನೀವು ಅವನನ್ನ ಬೆಳಿಗ್ಗೆ ಸ್ವಲ್ಪ ಬೇಗ ಎಬ್ಬಿಸಿ" ಅನ್ನುತ್ತಾಳೆ. "ಆಯ್ತು ಮೇಡಂ" ಅಂತ ಹೆಂಗಸು ಸುಮ್ಮನಾಗುತ್ತಾರೆ. ಬಾಯಿ ತನಕ ಬಂದ ಮಾತು ಅಲ್ಲೇ ನಿಂತುಹೋಯಿತು.

ಹದಿನೈದು ನಿಮಿಷ ಮುಗಿಸಿ ಹೊರಗೆ ಬಂದವಳ ಕೈಗೆ ಒಂದು ಹಾಳೆ ಕೊಡುತ್ತಾರೆ. ಸಂದರ್ಶನ ಹೇಗಾಯಿತು, ನೂರಕ್ಕೆ ಎಷ್ಟು? 85 ಅಂತ ಬರೆಯುತ್ತಾಳೆ. ನಾಳೆ ಇಂಥದೇ ಒಂದು ಮನೆಗೆ ಒಬ್ಬಳೇ ಹೋಗು ಅಂದರೆ ಎಷ್ಟು ಧೈರ್ಯ ಇದೆ? ಅದಕ್ಕೂ 85. ಕ್ಯಾಮೆರಾದ ಆ ಕಡೆ ಕೂತಿದ್ದ ಇಬ್ಬರು ಅಧ್ಯಾಪಕರು ಅಂಥದೇ ಹಾಳೆಗಳಲ್ಲಿ, ಒಬ್ಬರದನ್ನೊಬ್ಬರು ನೋಡದೆ, ಸಂದರ್ಶನಕ್ಕೆ 46 ಮತ್ತು 50 ಕೊಟ್ಟಿದ್ದಾರೆ.

ಈ ಹುಡುಗಿ ಕಲಿತಿದ್ದಾಳಾ, ಇಲ್ಲವಾ? ಅವಳ ಧೈರ್ಯವನ್ನು ಒಳ್ಳೆಯ ಲಕ್ಷಣ ಅನ್ನಬೇಕಾ, ಅಪಾಯದ ಲಕ್ಷಣ ಅನ್ನಬೇಕಾ? ಸಮಾಜಕಾರ್ಯ ಕಲಿಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಮೇಲಿನ ದೃಶ್ಯ, ಅಂಕಗಳು ಎಲ್ಲಾ ನಾನೇ ಕಟ್ಟಿದ್ದು. ಆದರೆ ಆ ನಾಲ್ಕು ಸೆಕೆಂಡಿನ ಮೌನವನ್ನು ತಾಳಲಾರದೆ ಉಪದೇಶಕ್ಕೆ ಇಳಿಯುವುದಿದೆಯಲ್ಲ, ಅದು ಹೊಸದಾಗಿ ಈ ಕೆಲಸಕ್ಕೆ ಬಂದ ಯಾರಿಗೂ ಅಪರಿಚಿತವಲ್ಲ.

ಏನು ಕಲಿತರೆ ಕಲಿತ ಹಾಗೆ?

ಮೊದಲು "ಕಲಿಕಾ ಫಲ" ಅನ್ನುವ ಪದ. ಕೋರ್ಸಿನ ಪುಸ್ತಿಕೆ ತೆರೆದರೆ "ವಿದ್ಯಾರ್ಥಿಗಳು ಆಪ್ತಸಮಾಲೋಚನೆಯ ಮಹತ್ವವನ್ನು ಅರಿಯುತ್ತಾರೆ" ಅನ್ನುವಂಥ ಸಾಲು ಸಿಗುತ್ತದೆ. ಓದಲು ಚೆನ್ನಾಗಿದೆ. ಆದರೆ ಅರಿತರು ಅಂತ ಗೊತ್ತಾಗುವುದು ಹೇಗೆ? ಅರಿವು ಕಣ್ಣಿಗೆ ಕಾಣುವುದಿಲ್ಲ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ ಮೇಲೆ, ಕಲಿಕಾ ಫಲವನ್ನು ಕಾಣಿಸುವ ಕೆಲಸವಾಗಿ ಬರೆಯಬೇಕು ಅನ್ನುವ ಪಾಠ ಶಿಕ್ಷಣ ಲೋಕದಲ್ಲಿ ಬೇರೂರಿತು. "ಅರಿಯುತ್ತಾರೆ" ಅನ್ನುವ ಬದಲು "ಕೋಪದಲ್ಲಿರುವ ವ್ಯಕ್ತಿಯ ಮಾತನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಿ, ಸರಿಯಾಗಿ ಕೇಳಿಸಿಕೊಂಡೆನೇ ಎಂದು ಖಚಿತ ಮಾಡಿಕೊಳ್ಳುತ್ತಾರೆ" ಅಂತ ಬರೆದರೆ ಅದನ್ನು ನೋಡಬಹುದು. ನೋಡಬಹುದಾದದ್ದನ್ನು ಅಳೆಯಬಹುದು.

ಸಮಾಜಕಾರ್ಯದಲ್ಲಿ ತೊಡಕು ಏನೆಂದರೆ, ಇಲ್ಲಿ ಕಲಿಯಬೇಕಾದದ್ದು ಒಂದೇ ಬಗೆಯದಲ್ಲ. ಕಾನೂನು, ಯೋಜನೆಗಳು, ಮನುಷ್ಯನ ಬೆಳವಣಿಗೆಯ ಸಿದ್ಧಾಂತಗಳು ಒಂದು ಕಡೆ. ಮಾತಾಡಿಸುವುದು, ಕೇಳಿಸಿಕೊಳ್ಳುವುದು, ವರದಿ ಬರೆಯುವುದು ಇನ್ನೊಂದು ಕಡೆ. ಗುಟ್ಟು ಕಾಯುವುದು, ಎದುರಿಗಿರುವವರ ಆಯ್ಕೆಯನ್ನು ಗೌರವಿಸುವುದು ಮತ್ತೊಂದು. ಇವೆಲ್ಲದರ ನಡುವೆ ತನ್ನದೇ ಕೋಪ, ಭಯ, ಮರುಕವನ್ನು ಹಿಡಿತದಲ್ಲಿಟ್ಟುಕೊಂಡು ಯೋಚಿಸುವುದು. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿ ತನ್ನ 2022ರ ಮಾನದಂಡದಲ್ಲಿ 9 ಸಾಮರ್ಥ್ಯಗಳನ್ನು ಪಟ್ಟಿ ಮಾಡಿದೆ. ಪ್ರತಿಯೊಂದರಲ್ಲೂ ಜ್ಞಾನ, ಮೌಲ್ಯ, ಕೌಶಲ, ಜೊತೆಗೆ ಯೋಚನೆ ಮತ್ತು ಭಾವನೆಯ ನಿರ್ವಹಣೆ ಇರಬೇಕು ಅನ್ನುತ್ತದೆ. ಒಂದೊಂದು ಸಾಮರ್ಥ್ಯವನ್ನೂ ಕನಿಷ್ಠ ಎರಡು ಬಗೆಯಲ್ಲಿ ಅಳೆಯಬೇಕು, ಅದರಲ್ಲಿ ಒಂದಾದರೂ ನಿಜವಾದ ಅಥವಾ ನಿಜದಂಥ ಕೆಲಸದ ಸನ್ನಿವೇಶದಲ್ಲಿ ಆಗಬೇಕು. ಬರೀ ಲಿಖಿತ ಪರೀಕ್ಷೆ ಸಾಲದು ಅನ್ನುವುದನ್ನು ಅಧಿಕೃತವಾಗಿ ಒಪ್ಪಿಕೊಂಡ ಹಾಗಾಯಿತು.

ಯಾಕೆ ಸಾಲದು ಅನ್ನುವುದಕ್ಕೆ ವೈದ್ಯಕೀಯ ಶಿಕ್ಷಣದಿಂದ ಬಂದ ಒಂದು ಚಿತ್ರ ನೆರವಾಗುತ್ತದೆ. ಜಾರ್ಜ್ ಮಿಲ್ಲರ್ ಅನ್ನುವವರು 1990ರಲ್ಲಿ ಒಂದು ಪಿರಮಿಡ್ ಬರೆದರು. ಅಡಿಯಲ್ಲಿ "ಗೊತ್ತಿದೆ". ಅದರ ಮೇಲೆ "ಹೇಗೆ ಮಾಡಬೇಕು ಅಂತ ಗೊತ್ತಿದೆ". ಅದರ ಮೇಲೆ "ಮಾಡಿ ತೋರಿಸಬಲ್ಲೆ". ತುದಿಯಲ್ಲಿ "ನಿಜಕ್ಕೂ ಮಾಡುತ್ತೇನೆ". ಸಂದರ್ಶನದ ಹಂತಗಳನ್ನು ವಿವರಿಸಿ ಅನ್ನುವ ಹತ್ತು ಅಂಕದ ಪ್ರಶ್ನೆ ಮೊದಲ ಮೆಟ್ಟಿಲಲ್ಲೇ ಇರುತ್ತದೆ. ಒಂದು ಪ್ರಕರಣ ಕೊಟ್ಟು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂದರೆ ಎರಡನೆಯದಕ್ಕೆ ಏರುತ್ತೇವೆ. ನಮ್ಮ ಹುಡುಗಿ ಈ ಎರಡರಲ್ಲೂ ಫಸ್ಟ್ ಕ್ಲಾಸ್ ಬರಬಹುದು. "ಸಂದರ್ಶನದಲ್ಲಿ ಮೌನದ ಪಾತ್ರ" ಅಂತ ಪ್ರಶ್ನೆ ಬಂದರೆ ಎರಡು ಪುಟ ತುಂಬಿಸಿ ಬರುತ್ತಾಳೆ. ಮೌನ ಎದುರಿಗೆ ಬಂದು ಕೂತಾಗ ನಾಲ್ಕೇ ಸೆಕೆಂಡಿಗೆ ಸೋಲುತ್ತಾಳೆ.

ತುದಿಯ ಮೆಟ್ಟಿಲು ಕ್ಷೇತ್ರಕಾರ್ಯ, ಅಂದರೆ ಓದುತ್ತಿರುವಾಗಲೇ ನಿಜವಾದ ಜನರ ನಡುವೆ ಮೇಲ್ವಿಚಾರಕರ ಕೈಕೆಳಗೆ ಮಾಡುವ ಕೆಲಸ. ಅಮೆರಿಕದಲ್ಲಿ ಪದವಿಗೆ ಕನಿಷ್ಠ 400 ಗಂಟೆ, ಸ್ನಾತಕೋತ್ತರ ಪದವಿಗೆ 900 ಗಂಟೆ ಕ್ಷೇತ್ರದಲ್ಲಿ ಕಳೆಯಬೇಕು. ಇಂಗ್ಲೆಂಡಿನಲ್ಲಿ 200 ದಿನ. ಇಷ್ಟೊಂದು ಹೊತ್ತು ಕೆಲಸದಲ್ಲೇ ಇರುವಾಗ ಅಳೆಯುವುದಕ್ಕೇನು ಕಷ್ಟ ಅನಿಸಬಹುದು. ಅಲ್ಲಿಯ ಕಥೆಗೆ ಆಮೇಲೆ ಬರುತ್ತೇನೆ.

ಆತ್ಮವಿಶ್ವಾಸ ಅಂದರೆ ಎದೆಯುಬ್ಬಿಸಿ ನಡೆಯುವುದಲ್ಲ

ಆತ್ಮವಿಶ್ವಾಸ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗಟ್ಟಿ ದನಿ, ನೇರ ನೋಟ. ಸಂಶೋಧಕರು ಅಳೆಯುವುದು ಅದನ್ನಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಮುಂದಿಟ್ಟ ಕಲ್ಪನೆ ಹೆಚ್ಚು ಕಿರಿದು, ಹೆಚ್ಚು ಉಪಯುಕ್ತ. ಇಂಥದೊಂದು ಕೆಲಸವನ್ನು, ಇಂಥ ಸಂದರ್ಭದಲ್ಲಿ, ನಾನು ಮಾಡಬಲ್ಲೆ ಅನ್ನುವ ನಂಬಿಕೆ. ಅಷ್ಟೇ. ಹಾಗಾಗಿ ಒಬ್ಬನೇ ವಿದ್ಯಾರ್ಥಿಗೆ ಗುಂಪಿನ ಸಭೆ ನಡೆಸುವ ನಂಬಿಕೆ 90 ಇದ್ದು, ಹಿಂಸೆಗೆ ಒಳಗಾದ ಮಗುವಿನ ಜೊತೆ ಮಾತಾಡುವ ನಂಬಿಕೆ 30 ಇರಬಹುದು.

ಈ ನಂಬಿಕೆ ನಾಲ್ಕು ಕಡೆಯಿಂದ ಹುಟ್ಟುತ್ತದೆ ಅನ್ನುತ್ತಾರೆ ಬಂಡೂರಾ. ತಾನೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿ. ಎರಡನೆಯದು ತನ್ನಂಥವರೇ ಮಾಡುವುದನ್ನು ನೋಡುವುದು. ಇಪ್ಪತ್ತು ವರ್ಷ ಅನುಭವದ ಮೇಡಂ ಸಲೀಸಾಗಿ ಮಾಡಿದರೆ "ಅವರಿಗೇನು ಬಿಡಿ" ಅನಿಸುತ್ತದೆ, ಪಕ್ಕದ ಬೆಂಚಿನವಳು ತಡವರಿಸಿಕೊಂಡೇ ಮಾಡಿ ಮುಗಿಸಿದರೆ "ಹಾಗಾದರೆ ನಾನೂ" ಅನಿಸುತ್ತದೆ. ಮೂರನೆಯದು ನಂಬಿಕಸ್ಥರ ಮಾತು. ನಾಲ್ಕನೆಯದು ಮೈಯೇ ಹೇಳುವುದು: ಎದೆ ಹೊಡೆದುಕೊಂಡರೆ "ನನ್ನಿಂದಾಗದು" ಅಂತಲೂ ಓದಬಹುದು, "ಮುಖ್ಯವಾದ ಕೆಲಸ, ಅದಕ್ಕೇ ಹೀಗೆ" ಅಂತಲೂ ಓದಬಹುದು.

ಇದನ್ನು ಸಮಾಜಕಾರ್ಯಕ್ಕೆ ತಂದವರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾರಿ ಹೋಲ್ಡನ್ ಮತ್ತು ಸಂಗಡಿಗರ ಹೆಸರು ಮೊದಲು ಬರುತ್ತದೆ. 2002ರಲ್ಲಿ ಅವರು, ಸಮಾಜಕಾರ್ಯ ಶಿಕ್ಷಣದ ಫಲವನ್ನು ಅಳೆಯಲು ಈ ನಂಬಿಕೆಯನ್ನೂ ಬಳಸಬೇಕು ಅಂತ ವಾದಿಸಿದರು. ಕೆಲಸಗಳ ಪಟ್ಟಿ ಕೊಟ್ಟು, ಪ್ರತಿಯೊಂದನ್ನೂ ಮಾಡಬಲ್ಲೆ ಅನ್ನುವ ಭರವಸೆ 0ಯಿಂದ 100ರೊಳಗೆ ಎಷ್ಟು ಅಂತ ವಿದ್ಯಾರ್ಥಿಗಳನ್ನು ಕೇಳುವ ಮಾಪಕ ಅವರದು.

ವಾದದಲ್ಲಿ ಹುರುಳಿದೆ. ನಂಬಿಕೆ ಇಲ್ಲದಿದ್ದರೆ ಕೌಶಲ ಇದ್ದೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬಾಗಿಲ ಮುಂದೆ ನಿಂತು, ಬೆಲ್ ಒತ್ತದೆ, "ಮನೆಯಲ್ಲಿ ಯಾರೂ ಇರಲಿಲ್ಲ" ಅಂತ ರೆಕಾರ್ಡಿನಲ್ಲಿ ಬರೆದು ವಾಪಸಾಗುವ ವಿದ್ಯಾರ್ಥಿಗಳಿರುತ್ತಾರೆ. ಸೋಮಾರಿಗಳಲ್ಲ, ಹೆದರಿದವರು. ತನ್ನಿಂದಾಗುತ್ತದೆ ಅಂತ ನಂಬಿದವರು ಕಷ್ಟದ ಕೆಲಸಕ್ಕೆ ಕೈ ಹಾಕುತ್ತಾರೆ, ಮೊದಲ ಏಟಿಗೆ ಬಿಟ್ಟು ಓಡುವುದಿಲ್ಲ. ಬಂಡೂರಾ ಸಿದ್ಧಾಂತದ ತಿರುಳೇ ಅದು.

ಜೊತೆಗೆ ಇನ್ನೊಂದು ಅನುಕೂಲ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಶ್ನಾವಳಿ ಅಗ್ಗ. ಕೋರ್ಸ್ ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ ತುಂಬಿಸಿಕೊಂಡರೆ ಮುಗಿಯಿತು. ಸರಾಸರಿ 55ರಿಂದ 78ಕ್ಕೆ ಏರಿತು, ಕೋರ್ಸ್ ಯಶಸ್ವಿ ಅಂತ ವರದಿ ಬರೆಯಬಹುದು. ಇಲ್ಲಿಂದ ಶುರು ನೋಡಿ ತಕರಾರು.

ಏರಿದ ಅಂಕ ಏನು ಹೇಳುತ್ತದೆ?

2001ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಕ್ಯಾಥರೀನ್ ಮೌಂಟ್ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. 22 ಜನ ಸಲಹೆಗಾರರಿಗೆ ಒಂದು ಕಾರ್ಯಾಗಾರ. ಬದಲಾಗಬೇಕು, ಆದರೆ ಮನಸ್ಸು ಗಟ್ಟಿಯಿಲ್ಲ ಅನ್ನುವವರ ಜೊತೆ ಮಾತಾಡುವ ವಿಧಾನವನ್ನು ಅಲ್ಲಿ ಕಲಿಸಿದರು. ಸಮಾಜಕಾರ್ಯದಲ್ಲೂ ತುಂಬಾ ಬಳಕೆಯಲ್ಲಿರುವ ವಿಧಾನವದು. ತರಬೇತಿ ಮುಗಿದ ಮೇಲೆ ಕೇಳಿದರೆ, ತುಂಬಾ ಕಲಿತೆವು ಅಂದರು. ಆದರೆ ಮೊದಲೂ ಆಮೇಲೂ ಅವರು ನಿಜವಾದ ಕ್ಲೈಂಟ್‌ಗಳ ಜೊತೆ ಮಾತಾಡಿದ ಟೇಪ್‌ಗಳನ್ನು ಹಾಕಿ ಕೇಳಿದಾಗ ಕಂಡ ಬದಲಾವಣೆ ಸಾಧಾರಣ. ಕ್ಲೈಂಟ್‌ಗಳ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸ ತರುವಷ್ಟೂ ಅದು ಇರಲಿಲ್ಲ. ಈ ಅಧ್ಯಯನ ನನಗೆ ಇಷ್ಟವಾಗಲು ಕಾರಣ, ಮಿಲ್ಲರ್ ಆ ವಿಧಾನವನ್ನು ರೂಪಿಸಿದವರೇ. ತಾವೇ ಕಲಿಸಿದ್ದು ನಾಟಲಿಲ್ಲ ಅಂತ ತಾವೇ ಪ್ರಕಟಿಸಿದರು.

ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಅವರ 1999ರ ಅಧ್ಯಯನವಂತೂ ಈಗ ಮನೆಮಾತು. ಪರೀಕ್ಷೆಯಲ್ಲಿ ಕೊನೆಯ ಕಾಲುಭಾಗದಲ್ಲಿದ್ದವರು ತಾವು ಸರಾಸರಿಗಿಂತ ಮೇಲಿದ್ದೇವೆ ಅಂದುಕೊಂಡಿದ್ದರು. ಅದರಲ್ಲಿ ಎಷ್ಟು ಮನುಷ್ಯ ಸ್ವಭಾವ, ಎಷ್ಟು ಬರೀ ಅಂಕಿಅಂಶದ ಲೆಕ್ಕದಿಂದ ಹುಟ್ಟಿದ್ದು ಅನ್ನುವ ಚರ್ಚೆ ಇನ್ನೂ ಇದೆ. ನಮಗೆ ಬೇಕಾದ್ದು ಇಷ್ಟು: ತಪ್ಪು ಮಾಡುತ್ತಿದ್ದೇನೆ ಅಂತ ಗೊತ್ತಾಗಲು ಬೇಕಾದ ಕೌಶಲವೂ, ಸರಿಯಾಗಿ ಮಾಡಲು ಬೇಕಾದ ಕೌಶಲವೂ ಬಹುಮಟ್ಟಿಗೆ ಒಂದೇ. ಮೌನದ ಬೆಲೆ ಗೊತ್ತಿಲ್ಲದವಳಿಗೆ ತಾನು ಮೌನ ಮುರಿದದ್ದು ತಪ್ಪು ಅಂತ ಕಾಣುವುದಾದರೂ ಹೇಗೆ? ಅವಳ 85 ಸುಳ್ಳಲ್ಲ. ಪ್ರಾಮಾಣಿಕವಾಗಿಯೇ ಬರೆದಿದ್ದಾಳೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಬಲೆ ಇದೆ. ಅದು ಹೆಚ್ಚು ಕುತೂಹಲದ್ದು. ಕೋರ್ಸ್ ಶುರುವಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೇಳಿದಿರಿ: ದುಃಖದಲ್ಲಿರುವವರನ್ನು ಮಾತಾಡಿಸಬಲ್ಲೆಯಾ? 80 ಅಂದ. ಯಾಕಿಲ್ಲ, ಸ್ನೇಹಿತರು ಅತ್ತಾಗ ಸಮಾಧಾನ ಮಾಡಿದ್ದಾನೆ. ಒಂದು ವರ್ಷ ಆಸ್ಪತ್ರೆಯಲ್ಲಿ ಕ್ಷೇತ್ರಕಾರ್ಯ ಮಾಡಿ ಬಂದ. ಮಗುವನ್ನು ಕಳೆದುಕೊಂಡವರ ಪಕ್ಕ ಕೂತ. ಸಮಾಧಾನದ ಮಾತೇ ಕೆಲವೊಮ್ಮೆ ಗಾಯ ಮಾಡುತ್ತದೆ ಅಂತ ಕಂಡ. ಈಗ ಅದೇ ಪ್ರಶ್ನೆಗೆ 65 ಅನ್ನುತ್ತಾನೆ. ಕಾಗದದ ಮೇಲೆ 15 ಅಂಕ ಇಳಿಕೆ. ಕೋರ್ಸ್ ಅವನನ್ನು ಕೆಡಿಸಿತಾ?

ಇಲ್ಲ. ಅಳತೆಗೋಲೇ ಬದಲಾಯಿತು. ಮೊದಲು "ಮಾತಾಡಿಸುವುದು" ಅಂದರೆ ಅವನಿಗೆ ಒಂದು ಅರ್ಥ, ಈಗ ಬೇರೆ ಅರ್ಥ. ಜಾರ್ಜ್ ಹೊವರ್ಡ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಈ ಸಮಸ್ಯೆಯನ್ನು ಬಿಡಿಸಿ ತೋರಿಸಿದರು. ಅವರು ಸೂಚಿಸಿದ ದಾರಿ ಸರಳ: ಕೋರ್ಸ್ ಮುಗಿದ ಮೇಲೆ ಎರಡು ಪ್ರಶ್ನೆ ಒಟ್ಟಿಗೇ ಕೇಳಿ. ಈಗ ಎಷ್ಟು? ಈಗಿನ ತಿಳಿವಳಿಕೆಯಿಂದ ಹಿಂದಿರುಗಿ ನೋಡಿದರೆ ಆಗ ಎಷ್ಟಿತ್ತು? ಅದೇ ಹುಡುಗ ಈಗ 65, ಆಗ 30 ಅನ್ನಬಹುದು. "ಆಗ 80 ಅಂದಿದ್ದೆನಾ? ಏನೂ ಗೊತ್ತಿರಲಿಲ್ಲ ಬಿಡಿ" ಅಂತ ನಗಲೂಬಹುದು. ಈ ದಾರಿಯಲ್ಲೂ ಕಲ್ಲುಮುಳ್ಳಿದೆ. ವರ್ಷವಿಡೀ ಕಷ್ಟಪಟ್ಟವರಿಗೆ ತಾವು ಬೆಳೆದಿದ್ದೇವೆ ಅನಿಸಬೇಕು, ಹಾಗಾಗಿ ಹಿಂದಿನದನ್ನು ಬೇಕೆಂದೇ ಅಲ್ಲದಿದ್ದರೂ ಕೆಳಗೆ ಹಾಕುತ್ತಾರೆ. ಎರಡೂ ಬಗೆಯಲ್ಲಿ ಕೇಳಿ ಜೊತೆಗಿಟ್ಟು ಓದುವುದು ಒಳ್ಳೆಯದು.

ಒಟ್ಟಿನಲ್ಲಿ, ಧೈರ್ಯದ ಅಂಕ ಏರಿದರೆ ಕಲಿತರು, ಇಳಿದರೆ ಕಲಿಯಲಿಲ್ಲ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ, ಮೊದಲ ಕ್ಷೇತ್ರಕಾರ್ಯದ ನಂತರ ಇಡೀ ತರಗತಿಯಲ್ಲಿ ಒಬ್ಬರ ಧೈರ್ಯವೂ ಇಳಿಯಲಿಲ್ಲ ಅಂದರೆ ಅಲ್ಲಿ ಏನೋ ಸರಿಯಿಲ್ಲ.

ಕ್ಷೇತ್ರದಲ್ಲಿ ಎಲ್ಲರೂ "ಅತ್ಯುತ್ತಮ"

ಈಗ ಆಗಲೇ ಬಿಟ್ಟುಬಂದ ಮಾತಿಗೆ ಬರೋಣ. ಕ್ಷೇತ್ರಕಾರ್ಯದ ಮೇಲ್ವಿಚಾರಕರು ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ಹತ್ತಿರದಿಂದ ನೋಡಿರುತ್ತಾರೆ. ಅವರ ಅಂಕವೇ ಎಲ್ಲಕ್ಕಿಂತ ನಂಬಲರ್ಹ ಆಗಬೇಕಿತ್ತು. ಆಗುವುದು ಏನೆಂದರೆ, ಐದು ಅಂಕದ ಪಟ್ಟಿಯಲ್ಲಿ ಬಹುತೇಕ ಎಲ್ಲರಿಗೂ 4 ಅಥವಾ 5. ಚೆನ್ನಾಗಿ ಮಾಡಿದವರು, ಸುಮಾರಾಗಿ ಮಾಡಿದವರು, ಹೇಗೋ ದಿನ ತಳ್ಳಿದವರು, ಎಲ್ಲರೂ ಅದೇ ಸಾಲಿನಲ್ಲಿ.

ಯಾಕೆ ಹೀಗೆ ಅಂತ ಊಹಿಸಲು ಕಷ್ಟವೇನಿಲ್ಲ. ಕೈಹಿಡಿದು ಕಲಿಸಿದವರೇ ಕೊನೆಗೆ "ಸಾಲದು" ಅಂತ ಬರೆಯಬೇಕು. ಕಡಿಮೆ ಹಾಕಿದರೆ ವಿವರಣೆ ಕೊಡಬೇಕು, ಮೀಟಿಂಗು, ಕಾಗದಪತ್ರ. ಅಷ್ಟಕ್ಕೂ "ನಾನೇ ಸರಿಯಾಗಿ ಕಲಿಸಲಿಲ್ಲವೇನೋ" ಅನ್ನುವ ಅಳುಕು. ಇದೆಲ್ಲಕ್ಕಿಂತ ದೊಡ್ಡದು, ಮೇಲ್ವಿಚಾರಕರು ವಿದ್ಯಾರ್ಥಿ ಕ್ಲೈಂಟ್ ಜೊತೆ ಕೂತು ಮಾತಾಡುವುದನ್ನು ನೋಡಿರುವುದೇ ಕಡಿಮೆ. ಅವರು ನೋಡಿರುವುದು ವಿದ್ಯಾರ್ಥಿ ಬರೆದ ರೆಕಾರ್ಡನ್ನು. ಕೇಳಿರುವುದು ವಿದ್ಯಾರ್ಥಿ ಹೇಳಿದ್ದನ್ನು. ಸಮಯಕ್ಕೆ ಬರುತ್ತಾಳೆ, ವಿನಯವಾಗಿದ್ದಾಳೆ, ಬರವಣಿಗೆ ಅಚ್ಚುಕಟ್ಟು. ಹಾಗಾದರೆ ಸಂದರ್ಶನವೂ ಚೆನ್ನಾಗಿಯೇ ಮಾಡುತ್ತಿರಬೇಕು. ಒಂದು ಒಳ್ಳೆಯ ಗುಣದ ಬೆಳಕು ಉಳಿದ ಎಲ್ಲದರ ಮೇಲೂ ಬೀಳುವ ಈ ಪ್ರಮಾದವನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು, ಸೈನ್ಯದ ಅಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ.

ಟೊರೊಂಟೊ ವಿಶ್ವವಿದ್ಯಾಲಯದ ಮರಿಯನ್ ಬೋಗೊ ಈ ಗಂಟನ್ನು ಬಿಡಿಸಲು ವರ್ಷಗಟ್ಟಲೆ ಕೆಲಸ ಮಾಡಿದರು. ಮೇಲ್ವಿಚಾರಕರಿಗೆ ಒಳ್ಳೆಯ ವಿದ್ಯಾರ್ಥಿ ಯಾರು ಅಂತ ಗೊತ್ತಿಲ್ಲದೆ ಇಲ್ಲ, ಅಂಕದ ಪಟ್ಟಿಯಲ್ಲಿ ಅದನ್ನು ಹೇಳಲು ಆಗುತ್ತಿಲ್ಲ ಅನ್ನುವುದು ಅವರು ಕಂಡುಕೊಂಡದ್ದು. ಅದಕ್ಕೇ ಬೋಗೊ ತಂಡ ಅಂಕದ ಬದಲು ಚಿತ್ರಣಗಳನ್ನು ಕೊಟ್ಟಿತು. ಬೇರೆ ಬೇರೆ ಮಟ್ಟದ ವಿದ್ಯಾರ್ಥಿಗಳು ಹೇಗಿರುತ್ತಾರೆ ಅಂತ ಕಥೆಯ ಹಾಗೆ ಬರೆದ ತುಣುಕುಗಳು. ನಿಮ್ಮ ವಿದ್ಯಾರ್ಥಿ ಇವರಲ್ಲಿ ಯಾರ ಹಾಗೆ? ಹೀಗೆ ಕೇಳಿದಾಗ ಮೇಲ್ವಿಚಾರಕರು ವ್ಯತ್ಯಾಸಗಳನ್ನು ಸರಿಯಾಗಿಯೇ ಗುರುತಿಸಬಲ್ಲವರಾಗಿದ್ದರು. ಮನುಷ್ಯರನ್ನು ಓದುವುದೇ ಉದ್ಯೋಗವಾದವರಿಗೆ ಅಂಕಿಗಿಂತ ಕಥೆ ಸಲೀಸು ಅಂದರೆ ಆಶ್ಚರ್ಯವೇನಿಲ್ಲ, ಅಲ್ವಾ?

ಬೋಗೊ ಮಾಡಿದ ಇನ್ನೊಂದು ಕೆಲಸವೇ ಮೇಲೆ ನೋಡಿದ ಎರಡು ಕುರ್ಚಿಯ ಕೋಣೆ. ಇದರ ಮೂಲ ವೈದ್ಯಕೀಯ. ರೊನಾಲ್ಡ್ ಹಾರ್ಡನ್ 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಿಂದ ಈ ಪರೀಕ್ಷೆಯನ್ನು ಪರಿಚಯಿಸಿದರು. ವಿದ್ಯಾರ್ಥಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿ ಕಡೆ ಬೇರೆ ರೋಗಿ, ಬೇರೆ ಕೆಲಸ ಎದುರಿಸುತ್ತಾನೆ. ಎಲ್ಲರಿಗೂ ಅದೇ ರೋಗಿ, ಅದೇ ಸಮಯ, ಅದೇ ಅಳತೆ. ಬೋಗೊ ಇದನ್ನು ಸಮಾಜಕಾರ್ಯಕ್ಕೆ ಒಗ್ಗಿಸುವಾಗ ಮುಖ್ಯವಾದ ಒಂದನ್ನು ಸೇರಿಸಿದರು. ಸಂದರ್ಶನ ಮುಗಿದ ಮೇಲೆ ವಿದ್ಯಾರ್ಥಿ ತಾನು ಮಾಡಿದ್ದರ ಬಗ್ಗೆ ಯೋಚಿಸಿ ಉತ್ತರಿಸಬೇಕು. ಆಗ ಯಾಕೆ ಹಾಗೆ ಕೇಳಿದಿರಿ? ಆ ಹೊತ್ತಿಗೆ ನಿಮಗೆ ಏನನಿಸಿತು? ಮತ್ತೆ ಅವಕಾಶ ಸಿಕ್ಕರೆ ಏನು ಬೇರೆ ಮಾಡುತ್ತೀರಿ? ಕೈಚಳಕಕ್ಕೆ ಒಂದು ಅಂಕ, ಯೋಚನೆಗೆ ಇನ್ನೊಂದು.

ಅಳೆಯುವ ಹಾಳೆ ಹೇಗಿರಬೇಕು ಅನ್ನುವುದು ಇಲ್ಲಿ ದೊಡ್ಡ ವಿಷಯ. "ಸಹಾನುಭೂತಿ: 1ರಿಂದ 5" ಅಂತ ಬರೆದರೆ ಮತ್ತೆ ಹಳೇ ಕಥೆ. ಕಣ್ಣಿಗೆ ಕಾಣುವುದನ್ನು ಬರೆಯಬೇಕು. ಉದಾಹರಣೆಗೆ ಮೌನದ ಸಾಲು ಹೀಗಿರಬಹುದು: ಎದುರಿನವರು ಸುಮ್ಮನಾದ ಕೂಡಲೇ ಸಲಹೆ ಅಥವಾ ಹೊಸ ಪ್ರಶ್ನೆ ಹಾಕಿದರೆ 1. ಕಾದು, ಆಮೇಲೆ ವಿಷಯ ಬದಲಿಸಿದರೆ 2. ಕಾದು, "ಹೇಳೋದು ಕಷ್ಟ ಅನಿಸ್ತಿದೆ ಅಂತ ಕಾಣುತ್ತೆ" ಅನ್ನುವಂಥ ಮಾತಿನಿಂದ ಮೌನವನ್ನೇ ಗುರುತಿಸಿದರೆ 3. ಗುರುತಿಸಿ, ಹೇಳುವುದೋ ಬಿಡುವುದೋ ಎದುರಿನವರ ಇಷ್ಟಕ್ಕೆ ಬಿಟ್ಟುಕೊಟ್ಟರೆ 4. ಹೀಗಿದ್ದರೆ ಇಬ್ಬರು ಬೇರೆ ಬೇರೆ ಕೂತು ನೋಡಿದರೂ ಅಂಕ ಹತ್ತಿರ ಹತ್ತಿರ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿಗೂ ಮುಂದಿನ ಸಲ ಏನು ಮಾಡಬೇಕು ಅಂತ ಅದೇ ಹಾಳೆ ಹೇಳಿಬಿಡುತ್ತದೆ.

ಕೊರತೆ ಇಲ್ಲದೆ ಇಲ್ಲ. ಪಾತ್ರಧಾರಿಗಳನ್ನು ತಯಾರು ಮಾಡಬೇಕು, ಖರ್ಚು, ಸಮಯ. ಒಂದೇ ಸಂದರ್ಶನ ನೋಡಿ ತೀರ್ಪು ಕೊಡುವ ಹಾಗಿಲ್ಲ. ಶಾಲೆ ಬಿಟ್ಟ ಮಗನ ತಾಯಿಯ ಜೊತೆ ಚೆನ್ನಾಗಿ ಮಾತಾಡಿದವಳು ಕುಡಿತದ ಗಂಡನ ಎದುರು ತಬ್ಬಿಬ್ಬಾಗಬಹುದು. ಹಾಗಾಗಿ ನಾಲ್ಕೈದು ಕೋಣೆಯಾದರೂ ಬೇಕು. ಎಷ್ಟಾದರೂ ನಾಟಕ ನಾಟಕವೇ ಅನ್ನುವ ಮಾತೂ ಇದೆ. ಅದು ನಿಜ. ಆದರೆ ಪಾತ್ರಧಾರಿಗೆ ಆಗುವ ಗಾಯ ನಾಟಕದ್ದು, ಕ್ಲೈಂಟ್‌ಗೆ ಆಗುವ ಗಾಯ ನಿಜದ್ದು. ಎಡವುವುದಾದರೆ ಮೊದಲು ಇಲ್ಲೇ ಎಡವಲಿ.

ಎರಡೂ ಅಂಕ ಪಕ್ಕಪಕ್ಕ

ಇಷ್ಟೆಲ್ಲಾ ಹೇಳಿದ ಮೇಲೆ ಧೈರ್ಯವನ್ನು ಅಳೆಯುವುದೇ ಬೇಡವಾ? ಬೇಕು. ಬೇಡವಾದದ್ದು ಅದೊಂದನ್ನೇ ಅಳೆದು ಕಲಿಕೆ ಅಂತ ಕರೆಯುವುದು. ನೋಡಬೇಕಾದದ್ದು ಧೈರ್ಯ ಎಷ್ಟು ಅನ್ನುವುದನ್ನಲ್ಲ, ಧೈರ್ಯಕ್ಕೂ ಕೆಲಸಕ್ಕೂ ಎಷ್ಟು ಅಂತರ ಇದೆ ಅನ್ನುವುದನ್ನು. ನಮ್ಮ ಹುಡುಗಿಯ ವಿಷಯದಲ್ಲಿ 85 ಹೆಚ್ಚಾ, 48 ಕಡಿಮೆಯಾ ಅನ್ನುವುದಕ್ಕಿಂತ ನಡುವಿನ 37 ಮುಖ್ಯ.

ಅಂತರ ಯಾವ ಕಡೆ ಇದೆ ಅನ್ನುವುದರ ಮೇಲೆ ಮುಂದಿನ ಕೆಲಸ ಬೇರೆಯಾಗುತ್ತದೆ. ಕೆಲಸ ಕಡಿಮೆ, ಧೈರ್ಯ ಜಾಸ್ತಿ ಇರುವವರಿಗೆ ವಿಡಿಯೊ ತೋರಿಸಬೇಕು. ಬೈಯುವ ಅಗತ್ಯವೇ ಇಲ್ಲ, ಆ ನಾಲ್ಕು ಸೆಕೆಂಡನ್ನು ಎರಡು ಸಲ ಹಾಕಿದರೆ ಸಾಕು. ಕೆಲಸ ಚೆನ್ನಾಗಿದ್ದೂ ಧೈರ್ಯ ಇಲ್ಲದವರ ಸಂಕಟ ಬೇರೆ. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ವಿವರಿಸಿದ, ಗೆದ್ದಿದ್ದೂ "ಇದು ಅದೃಷ್ಟ, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ" ಅಂತ ಒಳಗೇ ನಡುಗುವ ಸ್ಥಿತಿ. ಇಂಥವರಿಗೆ "ನಿನಗೆ ಬರುತ್ತೆ ಕಣಮ್ಮ" ಅಂತ ಸುಮ್ನೆ ಬೆನ್ನು ತಟ್ಟಿದರೆ ನಂಬುವುದಿಲ್ಲ. "ಏಳನೇ ನಿಮಿಷದಲ್ಲಿ ಅವರು ಅತ್ತಾಗ ನೀನು ಪೆನ್ನು ಕೆಳಗಿಟ್ಟೆ, ಅದಾದ ಮೇಲೇ ಅವರು ಬಾಯಿಬಿಟ್ಟದ್ದು" ಅಂತ ಹೇಳಿದರೆ ನಂಬಲೇಬೇಕಾಗುತ್ತದೆ. ಎರಡೂ ಕಡಿಮೆ ಇರುವವರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು ಗೆಲ್ಲಿಸುತ್ತಾ ಹೋಗಬೇಕು. ಎರಡೂ ಚೆನ್ನಾಗಿರುವವರ ಬಗ್ಗೆ ಹೇಳುವುದೇನಿದೆ, ಕಷ್ಟದ ಪ್ರಕರಣ ಕೊಡಿ.

ಇಲ್ಲಿ ಅಧ್ಯಾಪಕರ ಕಣ್ಣೂ ಮೋಸ ಹೋಗುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ನಮ್ಮಲ್ಲಿದೆ. ಆದರೆ ಸುಮ್ಮನಿರುವ ಕೊಡವೆಲ್ಲ ತುಂಬಿದ್ದೇ ಆಗಬೇಕೆಂದಿಲ್ಲ, ಖಾಲಿ ಕೊಡವೂ ತುಳುಕುವುದಿಲ್ಲ. ತರಗತಿಯಲ್ಲಿ ಪಟಪಟ ಮಾತಾಡುವವರಿಗೆ ಧೈರ್ಯ ಇದೆ, ಮೂಲೆಯಲ್ಲಿ ಕೂರುವವರಿಗೆ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಮನೆಮಾತಿನಲ್ಲಿ ಓದದವರು, ಕುಟುಂಬದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಈ ತೀರ್ಪಿಗೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಅದೇ ಕಾರಣಕ್ಕೆ ಕೇಳುವುದನ್ನು ಕಾಗದದಲ್ಲಿ ಕೇಳಬೇಕು, ನೋಡುವುದನ್ನು ಇಬ್ಬರು ನೋಡಬೇಕು. ಧೈರ್ಯದ ಹಾಳೆಗೆ ಮಾರ್ಕ್ಸ್ ಅಂತೂ ಕೊಡಲೇಬಾರದು. ಕೊಟ್ಟ ದಿನವೇ ಎಲ್ಲರೂ 90 ಬರೆಯುತ್ತಾರೆ.

ಇನ್ನೂ ಮೇಲಿನ ಮೆಟ್ಟಿಲೊಂದಿದೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಅಂದಿದ್ದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಬಂತಾ. ಬ್ರಿಟನ್ನಿನ ಜಾನ್ ಕಾರ್ಪೆಂಟರ್ ಇದರ ಬೆಳೆಸಿದ ರೂಪವೊಂದನ್ನು 2005ರಲ್ಲಿ ಸಮಾಜಕಾರ್ಯ ಶಿಕ್ಷಣಕ್ಕೆ ಅನ್ವಯಿಸಿದರು. ಅದರ ಕೊನೆಯ ಮೆಟ್ಟಿಲು, ಸೇವೆ ಪಡೆದ ಕುಟುಂಬಗಳಿಗೆ ಏನಾಯಿತು ಅನ್ನುವುದು. ಅಲ್ಲಿಗೆ ಹೋಗುವ ಅಧ್ಯಯನಗಳು ವಿರಳ. ಒಂದು ಮಗು ಶಾಲೆಗೆ ವಾಪಸಾದರೆ ಅದಕ್ಕೆ ವಿದ್ಯಾರ್ಥಿನಿಯ ಸಂದರ್ಶನ ಕಾರಣವಾ, ಹೊಸದಾಗಿ ಬಂದ ಟೀಚರಾ, ಅಪ್ಪನಿಗೆ ಕೆಲಸ ಸಿಕ್ಕಿದ್ದಾ? ಬಿಡಿಸಿ ಹೇಳುವುದು ಕಷ್ಟ. ಆದರೆ ಪಾತ್ರಧಾರಿಯನ್ನಾದರೂ ಒಂದು ಮಾತು ಕೇಳಬಹುದಲ್ಲ: "ಇವರ ಹತ್ತಿರ ಮತ್ತೆ ಬಂದು ಮಾತಾಡಬೇಕು ಅನಿಸುತ್ತಾ?" ಈ ಒಂದು ಸಾಲನ್ನು ಹಾಳೆಗೆ ಸೇರಿಸಲು ಖರ್ಚೇನೂ ಇಲ್ಲ.

ಆರು ತಿಂಗಳು ಕಳೆದಿದೆ ಅಂದುಕೊಳ್ಳಿ. ಅದೇ ಕೋಣೆ, ಅದೇ ಹುಡುಗಿ, ಬೇರೆ ಹೆಂಗಸು. ಈ ಸಲ ಮನೆ ಬಿಟ್ಟು ಹೋದ ಮಗಳ ತಾಯಿ. ಪ್ರಶ್ನೆ ಕೇಳುತ್ತಾಳೆ, ಎದುರಿನವರು ಕಿಟಕಿ ಕಡೆ ತಿರುಗುತ್ತಾರೆ. ನಾಲ್ಕು ಸೆಕೆಂಡ್ ಆಯಿತು. ಆರು. ಹುಡುಗಿಯ ಕಾಲ್ಬೆರಳು ಚಪ್ಪಲಿಯೊಳಗೆ ಮುದುಡುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ಒಂಬತ್ತು. "ಈಗಲೇ ಹೇಳಬೇಕು ಅಂತೇನಿಲ್ಲ ಅಮ್ಮ" ಅನ್ನುತ್ತಾಳೆ, ಮತ್ತೆ ಸುಮ್ಮನಾಗುತ್ತಾಳೆ. ಹನ್ನೊಂದನೇ ಸೆಕೆಂಡಿಗೆ ಹೆಂಗಸು ಈ ಕಡೆ ತಿರುಗಿ, "ಅವತ್ತು ನಾನೇ ಕೈ ಎತ್ತಿದ್ದೆ" ಅನ್ನುತ್ತಾರೆ.

ಹೊರಗೆ ಬಂದು ಹಾಳೆ ತುಂಬುತ್ತಾಳೆ. ಸಂದರ್ಶನಕ್ಕೆ 60. ಒಬ್ಬಳೇ ಹೋಗುವ ಧೈರ್ಯಕ್ಕೆ 65. ಅಧ್ಯಾಪಕರ ಅಂಕ 62 ಮತ್ತು 66. ಯಾಕೆ ಇಷ್ಟು ಅನ್ನುವ ಕೊನೆಯ ಜಾಗದಲ್ಲಿ ಅವಳು ಬರೆದದ್ದು: "ಅವರು ಹಾಗೆ ಹೇಳಿದ ಮೇಲೆ ಏನು ಕೇಳಬೇಕು ಅಂತ ನನಗೆ ತೋಚಲಿಲ್ಲ."